ಅಣ್ಣನ ಎಡಗಿವಿ

ಆ ಮಂಗಳವಾರ ಬೆಳಿಗ್ಗೆ ನಾನು ಮೂರನೆಯ ಹಂಡೆಯ ಮುಂದೆ ನಿಂತಿದ್ದೆ. ಉಣ್ಣೆ ನೂಲಿನ ಲಡಿಗಳನ್ನು ಕೋಲುಗಳಿಗೆ ಹಾಕಿ, ಕೆಂಪು ನೀರಿಗೆ ಇಳಿಬಿಟ್ಟು, ಒಂದೊಂದಾಗಿ ತಿರುಗಿಸುತ್ತಿದ್ದೆ. ಹಬೆಯಲ್ಲಿ ಬಾಗಿಲು ಸರಿಯಾಗಿ ಕಾಣುತ್ತಿರಲಿಲ್ಲ. ಯಾರೋ ಬಂದು ನಿಂತ ಹಾಗಾಯಿತು. ನೋಡಿದರೆ ಅಣ್ಣನ ಮಗಳು. ಅವಳ ಕೈಯಲ್ಲಿ ಅಣ್ಣನ ಕನ್ನಡಕದ ಡಬ್ಬಿ ಇತ್ತು. ಕನ್ನಡಕ ಬಿಟ್ಟು ಅಣ್ಣ ಒಂದು ಗಳಿಗೆಯೂ ಇದ್ದವನಲ್ಲ.

“ಚಿಕ್ಕಪ್ಪ, ಎಂಟೂ ಮುಕ್ಕಾಲಿಗೆ ಅಪ್ಪ ಹೋದ್ರು,” ಎಂದಳು.

ಗೋಡೆಯ ಗಡಿಯಾರ ನೋಡಿದೆ. ಹತ್ತು ದಾಟಿತ್ತು. ಅವನು ಹೋಗಿ ಒಂದು ಗಂಟೆಗೂ ಮೇಲೆ, ಅವನು ಹೇಳಿದ ಕೆಲಸವನ್ನು ಮಾಡುತ್ತಾ ನಾನು ನಿಂತೇ ಇದ್ದೆ.

ಏನಾದರೂ ಆದರೆ ಯಾರಿಗೆ ತಿಳಿಸಬೇಕು ಎಂದು ಆಸ್ಪತ್ರೆಯ ಕಾಗದದಲ್ಲಿ ಒಂದು ಸಾಲು ಇರುತ್ತದೆ. ಅಲ್ಲಿ ಮೊದಲಿನಿಂದಲೂ ನನ್ನ ಹೆಸರಿತ್ತು. ತಿಂಗಳ ಹಿಂದೆ ಅಣ್ಣ ಅದನ್ನು ಹೊಡೆದುಹಾಕಿಸಿ ಮಗಳ ಹೆಸರು ಬರೆಸಿದ. ಹಾಗೆ ಮಾಡಿದ್ದು ಸರಿಯೇ. ಯಾಕೆ ಸರಿ ಎಂಬುದನ್ನು ಒಪ್ಪಿಕೊಳ್ಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

“ಬನ್ನಿ ಚಿಕ್ಕಪ್ಪ, ಹೋಗೋಣ.”

“ಈಗ ಕೈ ಬಿಟ್ರೆ ನೂಲು ಮಚ್ಚೆಮಚ್ಚೆ ಆಗುತ್ತಮ್ಮ.”

ಅವಳು ಡಬ್ಬಿಯನ್ನು ಕಿಟಕಿಯ ಮೇಲಿಟ್ಟು, ತೋಳಿನ ಬಟ್ಟೆ ಮೇಲೇರಿಸಿ, ಕೋಲಿನ ಇನ್ನೊಂದು ತುದಿ ಹಿಡಿದಳು. ಇಪ್ಪತ್ತು ನಿಮಿಷ ಇಬ್ಬರೂ ತಿರುಗಿಸಿದೆವು. ಬೆವರೋ ಕಣ್ಣೀರೋ ಹಬೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ನಮ್ಮದು ನೂಲಿಗೆ ಬಣ್ಣ ಹಾಕುವ ಕಾರ್ಖಾನೆ. ಕಾರ್ಖಾನೆ ಎಂದರೆ ದೊಡ್ಡ ಮಾತಾಯಿತು. ಐದು ಹಂಡೆ, ಒಂದು ಬಾಯ್ಲರು, ಒಣಹಾಕುವುದಕ್ಕೆ ಒಂದು ಅಟ್ಟ, ಮೇಲೆ ನಾವು ಇರುವ ಮೂರು ಕೋಣೆ. ಅಣ್ಣನಿಗೆ ಎಪ್ಪತ್ತೆಂಟು, ನನಗೆ ಎಪ್ಪತ್ತೆರಡು. ಅತ್ತಿಗೆ ತೀರಿಕೊಂಡು ಹತ್ತು ವರ್ಷವಾಯಿತು. ನಾನು ಮದುವೆಯಾದವನಲ್ಲ. ಅಣ್ಣನ ಮಗಳು ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತಾ ನಮ್ಮಿಬ್ಬರನ್ನೂ ನೋಡಿಕೊಳ್ಳುತ್ತಿದ್ದಳು.

ಒದ್ದೆ ನೂಲು ಒಣ ನೂಲಿಗಿಂತ ಗಾಢವಾಗಿ ಕಾಣುತ್ತದೆ. ಹಂಡೆಯಿಂದ ಎತ್ತಿದಾಗ ಸರಿಯಾಗಿ ಕಂಡ ಬಣ್ಣ ಒಣಗಿದ ಮೇಲೆ ಪೇಲವವಾಗಬಹುದು. ಅಣ್ಣ ಒಂದೇ ಎಳೆಯನ್ನು ಹೊರಗೆಳೆದು, ಬಲಗೈ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಂಡಿ, ಉಜ್ಜಿ, ಹತ್ತು ಎಣಿಸುವುದರೊಳಗೆ ಒಣಗಿಸುತ್ತಿದ್ದ. ಆಮೇಲೆ ಉತ್ತರದ ಕಿಟಕಿಗೆ ಹಿಡಿದು “ಬಂತು” ಅಥವಾ “ಬರಲಿಲ್ಲ” ಎನ್ನುತ್ತಿದ್ದ. ನನಗೆ ಆ ತಾಳ್ಮೆ ಇರಲಿಲ್ಲ. ಹಸಿ ಲಡಿಯನ್ನೇ ಕಿಟಕಿಗೆ ಹೊತ್ತೊಯ್ಯುತ್ತಿದ್ದೆ. “ಆತುರಗಾರನಿಗೆ ಬುದ್ಧಿ ಮಟ್ಟ. ಲೋ, ಅದೇನು ಮಗುವಾ, ಹುಟ್ಟಿದ ತಕ್ಷಣ ಮುಖ ನೋಡೋದಕ್ಕೆ?” ಎಂದು ಐವತ್ತು ವರ್ಷ ಬೈಸಿಕೊಂಡೆ.

ಬಾಯ್ಲರಿನ ಪಕ್ಕ ಅಷ್ಟು ವರ್ಷ ನಿಂತು ಅಣ್ಣನ ಕಿವಿ ಹೋಗಿತ್ತು. ಬಲಗಿವಿ ಪೂರ್ತಿ ಇಲ್ಲ, ಎಡಗಿವಿ ಕೂಗಿದರೆ ಅಷ್ಟಿಷ್ಟು. ಮಗಳು ತಂದುಕೊಟ್ಟ ಕಿವಿಯ ಯಂತ್ರವನ್ನು ಎರಡೇ ದಿನಕ್ಕೆ ತೆಗೆದಿಟ್ಟ. “ಇದು ಸೀಟಿ ಹೊಡೆಯುತ್ತೆ. ನಾನೇನು ರೈಲು ಬಿಡಬೇಕಾ?” ಎಂದ. ಅಂದಿನಿಂದ ಅವನಿಗೆ ನಾನೇ ಕಿವಿ. ಗಿರಾಕಿ ಹೇಳಿದ್ದನ್ನು ನಾನು ಕೇಳಿ, ಅವನ ಎಡಗಿವಿಗೆ ಬಾಯಿಟ್ಟು ಕೂಗುತ್ತಿದ್ದೆ. ನಾನು ಹೇಳಿದ್ದೇ ಅವನಿಗೆ ಸತ್ಯ.

ಎರಡು ವರ್ಷದ ಹಿಂದೆ ಒಂದು ನಾಟಕಮಂದಿರದ ದೊಡ್ಡ ಪರದೆಗೆ ಕೆಂಪು ನೂಲು ಬೇಕಾಗಿತ್ತು. ಎರಡು ತಿಂಗಳು ಕೆಂಪು ಬಿಟ್ಟು ಬೇರೇನೂ ಮಾಡಲಿಲ್ಲ. ಬಣ್ಣದ ಪುಡಿ ಎಲ್ಲೆಲ್ಲಿಯೂ ಹೋಗುತ್ತದೆ. ಉಗುಳಿದರೆ ಕೆಂಪು, ಸೀನಿದರೆ ಕೆಂಪು, ಬೆವರಿದರೆ ಬನಿಯನ್ ಕೆಂಪು. ಒಂದು ದಿನ ಅಣ್ಣ ಬಚ್ಚಲಿನಿಂದ ಬಂದು, “ಇವತ್ತು ಕೆಳಗಿನಿಂದಲೂ ಕೆಂಪೇ ಕಣೋ,” ಎಂದು ನಕ್ಕ.

“ಹಂಡೆಗೇ ಹೊಯ್ಯಬೇಕಿತ್ತು. ಪುಡಿ ಉಳೀತಿತ್ತು,” ಎಂದೆ ನಾನು.

ಇಬ್ಬರೂ ನಕ್ಕೆವು. ನಮ್ಮ ಕಸುಬಿನಲ್ಲಿ ಹಳಬರೆಲ್ಲ ಆಡುತ್ತಿದ್ದ ಹಾಸ್ಯವೇ ಅದು. ಕೆಂಪು ಮುಗಿದು ನೀಲಿ ಕೆಲಸ ಹಿಡಿದೆವು. ಆಗಲೂ ಅವನಿಗೆ ಕೆಂಪೇ. “ಹಳೇ ಬಣ್ಣ, ಇಳಿಯೋಕೆ ಹೊತ್ತು ಹಿಡಿಯುತ್ತೆ,” ಎಂದ. ನಾನೂ ಹೌದೆಂದೆ. ಮೂರು ವಾರದ ಮೇಲೆ ತಾನಾಗಿ ನಿಂತಿತು. ನೋವು ಮೊದಲೂ ಇರಲಿಲ್ಲ, ಆಮೇಲೂ ಇಲ್ಲ. ಬಣ್ಣ ಬಿಟ್ಟುಹೋಯಿತು ಎಂದುಕೊಂಡೆವು. ಮೂತ್ರಕೋಶದ ರೋಗದ ರಕ್ತ ಹಾಗೆಯೇ ಬಂದು ಹೋಗುತ್ತದೆ ಎಂದು ನಮಗೆ ಯಾರು ಹೇಳಬೇಕು? ಮತ್ತೆ ಕಾಣಿಸಿಕೊಳ್ಳುವ ಹೊತ್ತಿಗೆ ಎಂಟು ತಿಂಗಳಾಗಿತ್ತು. ಆಗ ಹಂಡೆಗಳಲ್ಲಿ ಇದ್ದದ್ದು ಹಸಿರು.

ಡಾಕ್ಟರಮ್ಮ ಐವತ್ತು ದಾಟಿದವರು, ಮೆಲುಮಾತಿನವರು. ಬಣ್ಣದ ಕೆಲಸ ಎಷ್ಟು ವರ್ಷದಿಂದ ಎಂದು ಮೊದಲೇ ಕೇಳಿದರು. ಹಳೆಯ ಕಾಲದ ಕೆಲವು ಬಣ್ಣಗಳು ಮೂತ್ರಕೋಶಕ್ಕೆ ಒಳ್ಳೆಯವಲ್ಲ ಎಂದರು. ನಾನೂ ಪರೀಕ್ಷೆ ಮಾಡಿಸಿಕೊಳ್ಳಬೇಕಾಯಿತು. ನನಗೇನೂ ಇರಲಿಲ್ಲ. ಇಲ್ಲ ಎಂದಾಗ ನನಗೆ ನಾಚಿಕೆಯಾಯಿತು.

ಅಣ್ಣನ ಮೂತ್ರಕೋಶದ ಗೆಡ್ಡೆ ಗೋಡೆಯನ್ನು ಕೊರೆದು ಆಳಕ್ಕೆ ಇಳಿದಿತ್ತು. ಈ ವಯಸ್ಸಿಗೆ, ಬಲವಿಲ್ಲದ ಈ ಎದೆಗೆ, ಮೂತ್ರಕೋಶವನ್ನೇ ತೆಗೆಯುವ ದೊಡ್ಡ ಆಪರೇಷನ್ ಆಗದು. ಮೂತ್ರಪಿಂಡಗಳು ಅರ್ಧವೇ ಕೆಲಸ ಮಾಡುತ್ತಿದ್ದುದರಿಂದ ಬಲವಾದ ಔಷಧವೂ ಆಗದು. ಮೆದುವಾದ ಔಷಧವನ್ನು ವಾರಕ್ಕೊಮ್ಮೆ ಡ್ರಿಪ್ಪಿನಲ್ಲಿ ಕೊಡಬಹುದು. ಗುಣವಾಗುವುದಿಲ್ಲ, ತಡೆಯಬಹುದು ಎಂದರು. ಅಷ್ಟನ್ನೂ ನಾನು ಎಡಗಿವಿಗೆ ಕೂಗಿದೆ.

ಅಣ್ಣ ಡಾಕ್ಟರಮ್ಮನಿಗೆ ಹೇಳಿದ: “ಆಗಲಿ ತಾಯಿ. ಅದು ತನ್ನ ಹಂಡೇಲಿ ಇರೋ ತನಕ ಚುಚ್ಚಿ. ಹಂಡೆ ಬಿಟ್ಟು ಬೇರೆ ಕಡೆ ಹೋಯ್ತು ಅಂದ್ರೆ ನಿಲ್ಲಿಸಿಬಿಡಿ. ನಾನು ಮನೇಗೆ ಹೋಗಿ ನನ್ನ ಕೆಲಸ ನೋಡ್ಕೋತೀನಿ. ಏನಿದ್ರೂ ಇವನ ಹತ್ರ ಹೇಳಿ. ಇವನು ದೇವರ ಮನುಷ್ಯ, ನನಗೆ ಸುಳ್ಳು ಹೇಳಲ್ಲ.”

ನಾನು ದಿನವೂ ಎರಡು ಹೊತ್ತು ಪ್ರಾರ್ಥನೆ ಮಾಡುವವನು. ಆ ಮಾತು ಕೇಳಿ ಹೆಮ್ಮೆಪಟ್ಟೆ.

ಮೂರು ತಿಂಗಳು ಔಷಧ ಹಿಡಿಯಿತು. ರಕ್ತ ನಿಂತಿತು. ಅಣ್ಣ ಡ್ರಿಪ್ಪಿನ ಕೋಣೆಯಲ್ಲಿ ಪಕ್ಕದ ಕುರ್ಚಿಯವರ ಶಾಲು ಮುಟ್ಟಿ ನೋಡಿ, “ಈ ನೀಲಿ ಎರಡು ಒಗೆತಕ್ಕೆ ಹೋಗುತ್ತೆ ನೋಡಿ,” ಎಂದು ಹೆದರಿಸುತ್ತಿದ್ದ. ಆ ಹೊತ್ತಿಗೇ ನಾಟಕಮಂದಿರದವರು ಮತ್ತೆ ಬಂದರು. ಪರದೆಯ ಅಂಚು ಸುಟ್ಟಿತ್ತು. ಅದೇ ಕೆಂಪಿನಲ್ಲಿ ಹನ್ನೆರಡು ಕಿಲೋ ನೂಲು ಬೇಕು, ಆತುರವಿಲ್ಲ ಎಂದರು. ಅಣ್ಣನ ಮುಖ ಅರಳಿತು. “ಇದನ್ನ ನಾನೇ ಎತ್ತಬೇಕು. ನೀನು ಕೈ ಇಟ್ರೆ ಪರದೆಗೆ ತೇಪೆ ಹಾಕಿದ ಹಾಗೆ ಕಾಣುತ್ತೆ,” ಎಂದ. ಔಷಧದ ಸುಸ್ತು ಕಳೆಯಲಿ ಎಂದೆ ನಾನು.

ಅಷ್ಟರಲ್ಲಿ ಅವನ ಬಲಗೈ ಹೆಬ್ಬೆರಳು ಊದಿತು. ಉಗುರಿನ ಸುತ್ತ ಕೆಂಪಗೆ, ಮುಟ್ಟಿದರೆ ಹಾ ಎನ್ನುವಷ್ಟು ನೋವು. ನಮ್ಮ ಕೆಲಸದಲ್ಲಿ ಉಗುರುಸುತ್ತು ಯಾರಿಗೆ ಆಗಿಲ್ಲ? ಬಿಸಿ ಉಪ್ಪುನೀರಿನಲ್ಲಿ ಅದ್ದಿದೆವು. ಇಳಿಯಲಿಲ್ಲ. ಡಾಕ್ಟರಮ್ಮ ಎಕ್ಸ್‌ರೇ ತೆಗೆಸಿ, ಸೂಜಿಯಲ್ಲಿ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. “ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ್ರಲ್ಲ ತಾಯಿ,” ಎಂದ ಅಣ್ಣ.

ಮುಂದಿನ ವಾರ ಅವನು ಡ್ರಿಪ್ಪಿಗೆ ಕೈಕೊಟ್ಟು ಕೂತಿದ್ದಾಗ ಡಾಕ್ಟರಮ್ಮ ನನ್ನನ್ನು ಒಳಗೆ ಕರೆದರು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಹೆಬ್ಬೆರಳ ತುದಿಯ ಮೂಳೆ ಹುಳು ತಿಂದ ಹಾಗಿತ್ತು.

“ಇದು ಉಗುರುಸುತ್ತಲ್ಲ. ಮೂತ್ರಕೋಶದ್ದೇ ಇಲ್ಲಿಗೆ ಬಂದಿದೆ. ಶ್ವಾಸಕೋಶಕ್ಕೆ, ಬೆನ್ನಿನ ಮೂಳೆಗೆ ಹೋಗೋದು ನೋಡಿದ್ದೀನಿ. ಬೆರಳಿಗೆ ಬಂದಿದ್ದು ನನ್ನ ಮೂವತ್ತು ವರ್ಷದಲ್ಲಿ ಇದೇ ಮೊದಲು.”

“ಔಷಧ?”

“ಬೇರೆ ಒಂದು ಕೊಟ್ಟು ನೋಡಬಹುದು. ಹತ್ತರಲ್ಲಿ ಇಬ್ಬರಿಗೋ ಮೂವರಿಗೋ ಹಿಡಿಯುತ್ತೆ. ಈ ವಯಸ್ಸಲ್ಲಿ ಕಷ್ಟ ಜಾಸ್ತಿ ಕೊಡುತ್ತೆ. ಬೆರಳಿನ ನೋವಿಗೆ ಒಂದು ದಿನ ಕಿರಣ ಕೊಡ್ತೀನಿ. ಆದ್ರೆ ನಿಮ್ಮಣ್ಣ ಮೊದಲೇ ಒಂದು ಮಾತು ಹೇಳಿದ್ರಲ್ಲ? ಹೋಗಿ ಕೇಳಿ. ಅವರು ಹೇಳಿದ ಹಾಗೆ.”

ಡ್ರಿಪ್ಪಿನ ಕೋಣೆಗೆ ಹತ್ತು ಹೆಜ್ಜೆ. ಅಲ್ಲಿ ಒಂಬತ್ತು ಕುರ್ಚಿಗಳು, ಒಂಬತ್ತು ಜನ. ಅಣ್ಣ ನನ್ನನ್ನು ಕಂಡು ಎಡಗಿವಿಯನ್ನು ಈಚೆ ತಿರುಗಿಸಿದ. ಅವನನ್ನು ಬಿಟ್ಟರೆ ನನಗೆ ಈ ಲೋಕದಲ್ಲಿ ಹಿರಿಯರು ಅಂತ ಯಾರೂ ಇಲ್ಲ. ಹತ್ತರಲ್ಲಿ ಮೂವರು ಎಂಬುದೊಂದೇ ತಲೆಯಲ್ಲಿ ಓಡುತ್ತಿತ್ತು.

“ಉಗುರುಸುತ್ತಂತೆ!” ಎಂದು ಕೂಗಿದೆ. “ಒಳಗೆ ಕೀವು! ಶಾಖ ಕೊಡ್ತಾರಂತೆ! ಔಷಧ ಬದಲಾಯಿಸ್ತಾರಂತೆ!”

“ಕೊಡಲಿ, ಕೊಡಲಿ,” ಎಂದು ನಕ್ಕ. ಪಕ್ಕದ ಕುರ್ಚಿಯ ಮುದುಕಿಯೂ ನಕ್ಕು ತಲೆಯಾಡಿಸಿದಳು.

ಹಿಂತಿರುಗಿ ಬಂದು ಡಾಕ್ಟರಮ್ಮನಿಗೆ ಹೇಳಿದೆ: “ಕೊಡಿ ಅಂದ.” ಅವರು ಒಂದು ಕ್ಷಣ ನನ್ನನ್ನು ನೋಡಿದರು. ಎದ್ದು ಬಂದು ಅಣ್ಣನನ್ನೇ ಕೇಳಿದರು. ಅವನಿಗೆ ಅವರ ಮೆಲುಮಾತು ಎಲ್ಲಿ ಕೇಳಿಸಬೇಕು? ಕಿವುಡರು ನಗುವ ಹಾಗೆ ನಕ್ಕು, ತಲೆಯಾಡಿಸಿ, ತೋರಿಸಿದ ಕಡೆ ಸಹಿ ಹಾಕಿದ. ನಾನು ಪಕ್ಕದಲ್ಲೇ ನಿಂತಿದ್ದೆ.

ಕಿರಣ ಕೊಟ್ಟ ಮೇಲೆ ಬೆರಳಿನ ನೋವು ಇಳಿದು, ನನ್ನ ಸುಳ್ಳಿಗೆ ಬಲ ಬಂತು. ಹೊಸ ಔಷಧ ಮಾತ್ರ ಅವನನ್ನು ಹಿಂಡಿಬಿಟ್ಟಿತು. ಬಾಯೆಲ್ಲ ಹುಣ್ಣು. ನೀರು ಕುಡಿದರೂ ಉರಿ. ಎದ್ದು ನಿಂತರೆ ಕಣ್ಣು ಕತ್ತಲೆ. ಬೆರಳ ತುದಿಗಳು ಜೋಮು ಹಿಡಿದು, ಎಳೆ ಕೊಟ್ಟರೆ ಕೈಯಲ್ಲಿ ಇದೆಯೋ ಇಲ್ಲವೋ ತಿಳಿಯದು. ಮಗಳು ಒಂದು ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ನನ್ನನ್ನು ತಡೆದಳು.

“ಉಗುರುಸುತ್ತಿಗೆ ಯಾರಾದ್ರೂ ಇಷ್ಟೆಲ್ಲ ಮಾಡ್ತಾರಾ ಚಿಕ್ಕಪ್ಪ?”

“ನಿನಗೆ ಗೊತ್ತಾಗಲ್ಲ, ಸುಮ್ಮನಿರು.” ಅವಳಿಗೆ ನಾನು ಹಾಗೆ ಎಂದೂ ಗದರಿದವನಲ್ಲ.

ಆ ಎರಡು ತಿಂಗಳೂ ನಾನು ಪ್ರಾರ್ಥನೆ ಬಿಡಲಿಲ್ಲ. ಕಣ್ಣು ಮುಚ್ಚಿ ಅಣ್ಣನ ಆಯುಸ್ಸು ಬೇಡುತ್ತಿದ್ದೆ, ಕಣ್ಣು ಬಿಟ್ಟು ಅವನ ಕಿವಿಗೆ ಸುಳ್ಳು ತುಂಬುತ್ತಿದ್ದೆ. ಹೋಗಲಿ, ಆಯುಸ್ಸಾದರೂ ಬಂತೇ? ಸ್ಕ್ಯಾನಿನಲ್ಲಿ ಬೆರಳು ಹಾಗೆಯೇ ಇತ್ತು. ದವಡೆಯ ಮೂಳೆಯಲ್ಲಿ ಇನ್ನೊಂದು ಚುಕ್ಕೆ ಬಂದಿತ್ತು.

ಆ ದಿನ ಡ್ರಿಪ್ಪಿನ ಕುರ್ಚಿಯಲ್ಲಿ ಅಣ್ಣ ತನ್ನ ಹೆಬ್ಬೆರಳನ್ನೇ ನೋಡುತ್ತಾ ಕೂತಿದ್ದ.

“ಲೋ, ನಮ್ಮ ಕಾರ್ಖಾನೇಲಿ ಎಷ್ಟು ಉಗುರುಸುತ್ತು ನೋಡಿದ್ದೀವಿ?”

“ಬೇಕಾದಷ್ಟು.”

“ಎಲ್ಲಾ ಎಷ್ಟು ದಿನ ಇದ್ವು?”

ನಾನು ಡ್ರಿಪ್ಪಿನ ಬಾಟಲಿಯ ಕಡೆ ನೋಡಿದೆ.

“ಹತ್ತು ದಿನ. ಹೆಚ್ಚು ಅಂದ್ರೆ ಹದಿನೈದು. ಇದಕ್ಕೆ ಮೂರು ತಿಂಗಳಾಗ್ತಾ ಬಂತು.” ಎಡಗಿವಿಯನ್ನು ನನ್ನ ಕಡೆ ತಿರುಗಿಸಿದ. “ಹೇಳು.”

ಗುಟ್ಟಾಗಿ ಹೇಳುವ ಹಾಗಿರಲಿಲ್ಲ. ಅವನಿಗೆ ಏನು ಹೇಳಬೇಕಾದರೂ ಕೂಗಬೇಕು. ಕುರ್ಚಿಯ ಪಕ್ಕ ಮಂಡಿಯೂರಿ, ಆ ಕಿವಿಗೆ ಬಾಯಿಟ್ಟು ಕೂಗಿದೆ: “ಅದೇ ಅಣ್ಣ! ಅಲ್ಲಿಂದ ಇಲ್ಲಿಗೆ ಬಂದಿದೆ! ಅವರು ಆವತ್ತೇ ಹೇಳಿದ್ರು! ನಾನು ನಿನಗೆ ಸುಳ್ಳು ಹೇಳಿದೆ!”

ಪಕ್ಕದ ಮುದುಕಿ ಮುಖ ಆಚೆ ತಿರುಗಿಸಿಕೊಂಡಳು. ನರ್ಸು ಬಾಟಲಿ ಹಿಡಿದು ನಿಂತಲ್ಲೇ ನಿಂತಳು.

“ಕಿರುಚಬೇಡ,” ಎಂದ ಅಣ್ಣ. “ಕೇಳಿಸ್ತು.”

ಆಮೇಲೆ ನರ್ಸಿಗೆ ಕೈ ಚಾಚಿ, “ಈ ಸೂಜಿ ತೆಗಿ ತಾಯಿ, ಸಾಕು,” ಎಂದ. ಡಾಕ್ಟರಮ್ಮ ಬಂದರು. ಅವರ ಮಾತನ್ನು ಅಣ್ಣನ ಕಿವಿಗೆ ಕೂಗಲು ನಾನು ಬಾಗಿದೆ. ಅಣ್ಣ ನನ್ನನ್ನು ಎಡಗೈಯಲ್ಲಿ ಮೆಲ್ಲಗೆ ಪಕ್ಕಕ್ಕೆ ಸರಿಸಿದ. “ಕಾಗದದಲ್ಲಿ ಬರೆದುಕೊಡಿ ತಾಯಿ, ಓದ್ಕೋತೀನಿ. ಮುಂದಿನ ಸಲ ಮಗಳು ಬರ್ತಾಳೆ.” ಹೆಸರು ಹೊಡೆದುಹಾಕಿಸಿದ್ದು ಆವತ್ತೇ. ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ.

ಮನೆಗೆ ಬಂದ ಎರಡನೆಯ ದಿನ ಅವನು ಕೆಳಗೆ ಇಳಿದು ಬಂದು ಕಿಟಕಿಯ ಹತ್ತಿರ ಕುರ್ಚಿ ಹಾಕಿಸಿಕೊಂಡ. ನನ್ನೊಡನೆ ಮಾತು ಬಿಡಲಿಲ್ಲ, ಆದರೆ ಮಾತೆಲ್ಲ ಹಂಡೆಯದೇ. ಬಣ್ಣ ಹಿಡಿಯೋಕೆ ಆಸಿಡ್ ಹಾಕು, ನೀರು ಬಿಡು, ಕೋಲು ತಿರುಗಿಸು. ಬೇರೆ ಏನಾದರೂ ಹೇಳಲು ಹೋದರೆ ಬಲಗಿವಿ ಈಚೆ ತಿರುಗಿಸುತ್ತಿದ್ದ. ಅವನ ಹೆಬ್ಬೆರಳಿಗೆ ಸ್ಪರ್ಶ ತಿರುಗಿ ಬರಲಿಲ್ಲ. ಎಳೆ ಹಿಂಡಲು ಹೋಗಿ ಕೈಜಾರಿ ನೆಲಕ್ಕೆ ಬಿಟ್ಟ. ಎರಡು ಸಲ ಹೆಕ್ಕಿಕೊಟ್ಟೆ. ಮೂರನೆಯ ಸಲ, “ನೀನೇ ಹಿಂಡು,” ಎಂದ. ಹಿಂಡಿ ತೋರಿಸಿದೆ.

“ಇದು ಇಟ್ಟಿಗೆ,” ಎಂದ.

ವಾರ ಬಿಟ್ಟು ಇನ್ನೊಂದು ಮಾದರಿ ಎತ್ತಿದೆ. ಅದನ್ನು ಕಿಟಕಿಗೆ ಹಿಡಿದು ನೋಡಿ ತಲೆಯಾಡಿಸಿದ. “ಒಳಗೆ ಕಪ್ಪಿದೆ. ಇನ್ನೊಂದ್ಸಲ.” ಆ ಎರಡು ತಿಂಗಳು ಡ್ರಿಪ್ಪಿನ ಕುರ್ಚಿಯಲ್ಲಿ ಕಳೆಯದಿದ್ದರೆ, ಬೆರಳಲ್ಲಿ ಜೀವ ಇದ್ದಾಗಲೇ ಅವನು ಈ ಕೆಂಪನ್ನು ಎತ್ತಿರುತ್ತಿದ್ದ. ಅವನು ಅದನ್ನು ಆಡಿ ತೋರಿಸಲಿಲ್ಲ. ನನಗೆ ಹಂಡೆಯಲ್ಲಿ ಬೇರೇನೂ ಕಾಣುತ್ತಿರಲಿಲ್ಲ.

ಶುಕ್ರವಾರ ಮೂತ್ರ ಕಟ್ಟಿ, ರಕ್ತ ಹೆಪ್ಪುಗಟ್ಟಿ, ಆಸ್ಪತ್ರೆಗೆ ಸೇರಿಸಬೇಕಾಯಿತು. ಮಗಳು ಜೊತೆಗಿದ್ದಳು. ನಾನು ಬಾಗಿಲ ಹೊರಗೆ ಬೆಂಚಿನ ಮೇಲೆ ಕೂರುತ್ತಿದ್ದೆ. ಸೋಮವಾರ ಸಂಜೆ ಮಗಳು ಹೊರಗೆ ಬಂದು, “ನಾಳೆ ನೀವು ಬರಬೇಡಿ ಅಂತಾರೆ. ಕೆಂಪು ಎತ್ತಬೇಕಂತೆ,” ಎಂದಳು. ಅದಕ್ಕೇ ಮಂಗಳವಾರ ಬೆಳಿಗ್ಗೆ ನಾನು ಹಂಡೆಯ ಮುಂದಿದ್ದದ್ದು.

ಲಡಿಗಳನ್ನು ಮೇಲೆತ್ತಿ, ನೀರು ಬಸಿಯಲು ಬಿಟ್ಟು, ಕೈ ತೊಳೆದುಕೊಂಡೆ. ಹಳೆಯ ಚಾಳಿ ಎಲ್ಲಿ ಹೋಗುತ್ತದೆ? ಒಂದು ಹಸಿ ಲಡಿಯನ್ನು ಎತ್ತಿಕೊಂಡು ಕಿಟಕಿಯ ಕಡೆ ಹೊರಟೆ.

“ಬೇಡ ಚಿಕ್ಕಪ್ಪ,” ಎಂದು ಮಗಳು ತಡೆದಳು. “ಇವತ್ತು ಬೆಳಿಗ್ಗೆ ಅಪ್ಪ ಎಚ್ಚರವಾಗಿ ಏನೋ ಹೇಳಿದ್ರು. ಜ್ವರದಲ್ಲಿ ಬಡಬಡಿಸ್ತಾರೆ ಅಂದ್ಕೊಂಡೆ. ‘ಅವನು ಹಸೀದನ್ನೇ ಕಿಟಕಿಗೆ ಹಿಡಿದು ಎಸೆದುಬಿಡ್ತಾನೆ. ಒಣಗೋ ತನಕ ಕಾಯಿ ಅನ್ನು ಆ ಮಂಕನಿಗೆ. ಈ ಸಲ ಆಸಿಡ್ ಕೊನೆಗೆ ಹಾಕಿದ್ರೆ ಬರುತ್ತೆ’ ಅಂದ್ರು. ಆಮೇಲೆ ಮಾತಾಡಲಿಲ್ಲ.”

ನಾನು ಆಸಿಡ್ಡನ್ನು ಕೊನೆಗೇ ಹಾಕಿದ್ದೆ. ಯಾರೂ ಹೇಳಿರಲಿಲ್ಲ, ಎರಡು ಸಲ ಕೆಟ್ಟಿದ್ದನ್ನು ನೋಡಿ ಹಾಗೆ ಹಾಕಬೇಕು ಎನ್ನಿಸಿತ್ತು. ಲಡಿಗಳನ್ನೆಲ್ಲ ಅಟ್ಟಕ್ಕೆ ಒಯ್ದು ಒಣಹಾಕುವ ಗಳುವಿಗೆ ಹಾಕಿ, ಇಬ್ಬರೂ ಆಸ್ಪತ್ರೆಗೆ ಹೋದೆವು. ಅಣ್ಣನ ಬಲಗೈ ಹೊದಿಕೆಯ ಹೊರಗಿತ್ತು. ಹೆಬ್ಬೆರಳ ಉಗುರಿನ ಸಂದಿಯಲ್ಲಿ ಕೆಂಪು ಬಣ್ಣ ಇನ್ನೂ ಇತ್ತು. ನಾನು ಬಗ್ಗಿ ಎಡಗಿವಿಯ ಹತ್ತಿರ ಬಾಯಿಟ್ಟೆ. ಕೂಗಲಿಲ್ಲ. ಹೇಳಬೇಕಾದ್ದನ್ನು ಮೆಲ್ಲಗೆ ಹೇಳಿದೆ. ಹಾಗೆ ಅವನೊಡನೆ ನಾನು ಮಾತಾಡಿ ಇಪ್ಪತ್ತು ವರ್ಷವಾಗಿತ್ತು.

ಎಲ್ಲ ಮುಗಿದು ಮೂರನೆಯ ದಿನ ಅಟ್ಟ ಹತ್ತಿದೆ. ನೂಲು ಒಣಗಿತ್ತು. ನಾಟಕಮಂದಿರದವರು ಕೊಟ್ಟಿದ್ದ ಹಳೆಯ ಪರದೆಯ ಚೂರಿನ ಪಕ್ಕ ಇಟ್ಟು ಉತ್ತರದ ಬೆಳಕಿಗೆ ಹಿಡಿದೆ. ಎರಡೂ ಒಂದೇ ಎಂದು ನನ್ನ ಕಣ್ಣು ಹೇಳಿತು. ನನ್ನ ಕಣ್ಣನ್ನು ಅಣ್ಣ ಎಂದೂ ನಂಬಿದವನಲ್ಲ. “ಬಂತು” ಎನ್ನುವವನಿಗಾಗಿ ಬಹಳ ಹೊತ್ತು ಕಾದು, ಕೊನೆಗೆ ಅಲ್ಲಿಯೇ ಮಂಡಿಯೂರಿದೆ.

ದೇವರೇ, ನನ್ನಣ್ಣ ನಿನ್ನ ಬಳಿಗೆ ಬಂದಿದ್ದಾನೆ. ಅವನಿಗೆ ನೀನು ಕೂಗಿ ಹೇಳಬೇಕಾಗದಿರಲಿ. ಅವನ ಬೆರಳಿಗೆ ಸ್ಪರ್ಶವನ್ನು ಮರಳಿ ಕೊಡು, ಬಾಯಿಯ ಉರಿ ಆರಿಸು. ನಾನು ಕದ್ದ ಎರಡು ತಿಂಗಳನ್ನು ಅವನಿಗೆ ನಿನ್ನ ಸನ್ನಿಧಿಯಲ್ಲಿ ತುಂಬಿಕೊಡು. ಅದರ ದಂಡವನ್ನು ನನ್ನಿಂದ ತೆಗೆದುಕೋ, ಅವನಿಂದ ಬೇಡ. ಒಳ್ಳೆಯ ಬೆಳಕು ಬರುವ ಕಿಟಕಿಯ ಪಕ್ಕ ಅವನನ್ನು ಕೂರಿಸು. ನನ್ನಣ್ಣನಿಗೆ ಶಾಂತಿಯಿರಲಿ.